ಅಜ್ಜಿಯ ಕಪ್ಪು ಹಲ್ಲು

ಲಕ್ಷ್ಮೇಶ್ವರ
೪ ಸೆಪ್ಟೆಂಬರ್ ೧೯೮೫

ಕಣ್ಮಣಿ ನಜಮಾಗೆ ಮುರ್ತುಜಾ ಕಾಕಾನ ದುವಾ.

ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯೂ ಕ್ಷೇಮ, ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುತ್ತಿದ್ದಾಳೆ, ಅಷ್ಟೇ. ಅದರ ಕಾರಣ ಆಮೇಲೆ ಹೇಳುತ್ತೇನೆ. ಅಂಚೆಯಲ್ಲಿ ತಡವಾದೀತೆಂದು ಈ ಪತ್ರವನ್ನು ನನ್ನ ಅಂಗಡಿಗೆ ಪೇಪರ್ ಕಟ್ಟು ತರುವ ವ್ಯಾನಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ರವಿವಾರ ನಿನ್ನಪ್ಪ ಧಾರವಾಡದ ನಿನ್ನ ಹಾಸ್ಟೆಲಿಗೆ ಬಂದು ನಿನ್ನ ಮೂಲ ಅಂಕಪಟ್ಟಿ ಕೇಳಿದರೆ ಕೊಡಬೇಡ. ಅದು ಅವನು ನಿನ್ನನ್ನು ಸೇರಿಸಹೊರಟ ಹೊಸ ದಂತ ಕಾಲೇಜಿನ ಕಪಾಟು ಸೇರಿದರೆ ಮರಳಿ ಬರುವುದಿಲ್ಲ. ಅಂಕಪಟ್ಟಿ ಇಲ್ಲದೆ ಹೋದರೆ ಮುಂದಿನ ಮಂಗಳವಾರ ಬೆಂಗಳೂರಿನ ಸರಕಾರಿ ದಂತ ಕಾಲೇಜಿನ ನಿನ್ನ ಸೀಟು ಬೇರೆಯವರ ಪಾಲು.

ನಿನ್ನಪ್ಪ ಕೆಟ್ಟವನಲ್ಲ. ಹೊಸ ಕಾಲೇಜು ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. "ಮುಂಜಾನಿ ಹೋದಾಕಿ ಸಂಜಿಕೆ ಮನ್ಯಾಗಿರ್ತಾಳ, ಇನ್ನೇನ್ ಬೇಕೋ?" ಎಂದು ನನ್ನನ್ನೇ ಗದರಿದ. ಅಜ್ಜಿಯೂ ಅವನ ಕಡೆಯೇ ಇದ್ದಳು. ಬೆಂಗಳೂರು ಎಂದರೆ ಸಾಕು, ಅವಳಿಗೆ ಎದೆ ಹೊಡೆದುಕೊಳ್ಳುತ್ತದೆ.

ನಜಮಾ, ಊರು ಮರೆತದ್ದನ್ನು ನಾನು ಮರೆತಿಲ್ಲ. ಆ ಕಾಲೇಜಿನ ಧಣಿಯೇ ಎಪ್ಪತ್ನಾಲ್ಕರಲ್ಲಿ ಮಾಸ್ತರಿಕೆ ಕಲಿಸುವ ಶಾಲೆ ತೆರೆದಿದ್ದ. ನಡುವರ್ಷದಲ್ಲೇ ಬೀಗ ಬಿತ್ತು. ಯಳವತ್ತಿಯ ಅಂದಪ್ಪನ ಮಗಳು ಅಲ್ಲಿ ಕಲಿತದ್ದನ್ನು ಯಾವ ಕಚೇರಿಯೂ ಒಪ್ಪಲಿಲ್ಲ. ಈಗ ಅದೇ ಮನುಷ್ಯ ಹಳೆಯ ಅರಳೆ ಗೋದಾಮಿಗೆ ಸುಣ್ಣ ಹೊಡೆಸಿ, "ಮಾನ್ಯತೆ ಶೀಘ್ರದಲ್ಲಿ" ಎಂದು ಫಲಕ ಹಾಕಿದ್ದಾನೆ. ಶೀಘ್ರವೆಂದರೆ ಯಾವಾಗ ಎಂದು ಕೇಳುವವರೇ ಇಲ್ಲವೇ ಈ ಜಿಲ್ಲೆಯಲ್ಲಿ?

ಮೊನ್ನೆ ಸೋಮವಾರ ಅಜ್ಜಿ, "ಮೊಮ್ಮಗಳು ಕಲಿಯೋ ಜಾಗಾ ನೋಡಿ, ನನ್ನ ದವಡಿ ಹಲ್ಲೂ ತೋರಿಸ್ಕೊಂಡು ಬರೋಣ ನಡಿ," ಎಂದು ಹೊರಟಳು. ಒಳಗೆ ಕುರ್ಚಿಗಳು ಹೊಸವು, ನಲ್ಲಿಯಲ್ಲಿ ನೀರಿಲ್ಲ. ನಾನು ಹೊರಗೆ, ಮಾನ್ಯತೆಯ ಕಾಗದ ತೋರಿಸು ಎಂದು ಗುಮಾಸ್ತನ ಜೊತೆ ಜಗಳಕ್ಕೆ ಬಿದ್ದಿದ್ದೆ.

ನಿನಗೆ ಗೊತ್ತು, ಅಜ್ಜಿ ಮದುವೆಯಾದಾಗಿನಿಂದ ಹಲ್ಲಿಗೆ ಮಿಸ್ಸಿಯ ಕಪ್ಪು ಪುಡಿ ಹಚ್ಚಿದವಳು. ನಿನ್ನಜ್ಜ ತೀರಿದ ದಿನ ಹಚ್ಚುವುದನ್ನು ಬಿಟ್ಟಳು, ಆದರೆ ಬಣ್ಣ ಅವಳನ್ನು ಬಿಡಲಿಲ್ಲ. ಎಲ್ಲಿಂದಲೋ ಬಂದ ಎಳೆಯ ಡಾಕ್ಟರು ಮಿಸ್ಸಿಯನ್ನು ಕಂಡವನಲ್ಲ. ಕಲಿಯುವ ಹುಡುಗರನ್ನೆಲ್ಲ ಸುತ್ತ ನಿಲ್ಲಿಸಿ, ಇದು ಪೂರಾ ಹುಳುಕು ಎಂದು ತೋರಿಸಿ, ಸೂಜಿ ಚುಚ್ಚಿದ. ತುಟಿ ಜಡವಾಗಿ ಅಜ್ಜಿಗೆ ಮಾತು ಹೊರಡಲಿಲ್ಲ. ಅದಲ್ಲ, ಹಿಂದಿನದು ಎಂದು ಅವಳು ಕೈಸನ್ನೆ ಮಾಡಿದರೆ, ಹೆದರಿದ್ದಾಳೆಂದು ಇಬ್ಬರು ಕೈ ಹಿಡಿದುಕೊಂಡರಂತೆ. ಕಲ್ಲಿನಂತಿದ್ದ ಮುಂದಿನ ಹಲ್ಲು ಕಿತ್ತು ತಟ್ಟೆಗೆ ಬಿತ್ತು. ಹಲ್ಲು ಯಾಕೆ ಕಪ್ಪು ಎಂದು ಮೊದಲೇ ಕೇಳಿದ್ದರೆ ಒಂದು ಮಾತಿನ ಕೆಲಸ.

ಬಸ್‌ಸ್ಟ್ಯಾಂಡಿನಲ್ಲಿ ತುಟಿಯ ಜಡ ಇಳಿದು ಅವಳಿಗೆ ಮಾತು ಬಂತು. "ಲೇ ಮುರ್ತುಜಾ, ಕರೀದು ಕಂಡ್ರ ಕೀಳೋದಾದ್ರ ಅವನ ತಲಿಗೂದ್ಲಾನೂ ಕರಿ ಅದಾವಲ್ಲೋ!" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಹಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಮುಳಗುಂದ ದಾಟಿದ ಮೇಲೆ ಒಂದೇ ಮಾತು: "ನಜಮಾ ಹಿಂಗ ಕಲೀಬಾರ್ದು."

ನಿನ್ನಪ್ಪನಿಗೆ ಇದೊಂದೂ ಗೊತ್ತಿಲ್ಲ. ಗಾಳಿ ಹೊಡೆದು ಮುಖ ಬಾತಿದೆ ಎಂದು ಅಜ್ಜಿ ಸೆರಗು ಮುಚ್ಚಿಕೊಂಡಿದ್ದಾಳೆ. ಹೇಳಿದರೆ ಬಡಿಗೆ ಹಿಡಿದು ಹೋಗುತ್ತಾನೋ, ಒಂದು ಹಲ್ಲು ತಾನೇ ಎನ್ನುತ್ತಾನೋ, ನನಗೆ ತಿಳಿಯದು. ಎರಡನೆಯದರದೇ ಹೆಚ್ಚು ಭಯ. ನೀನಂತೂ ಅಂಕಪಟ್ಟಿಯನ್ನು ಗಟ್ಟಿಯಾಗಿ ಇಟ್ಟುಕೋ.

ನಿನ್ನ ಕಾಕಾ,
ಮುರ್ತುಜಾ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನಪ್ಪ ಬಂದ. ಅಜ್ಜಿ ಸೆರಗು ಸರಿಸಿ ಬಾಯಿ ತೆರೆದಳು, ಹಲ್ಲನ್ನು ಅವನ ಅಂಗೈಗೆ ಹಾಕಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇದರಾಗ ಹುಳುಕು ಎಲ್ಲೈತಿ?" ಎಂದಷ್ಟೇ ಕೇಳಿ ಹೊರಗೆ ಹೋದ. ಬೆಂಗಳೂರಿಗೆ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಈಗ ಅವನ ಗಾದಿ ಅಂಗಡಿಯಿಂದ ಹತ್ತಿ ಹಿಂಜುವ ಸಪ್ಪಳ ಕೇಳುತ್ತಿದೆ. ನಾನು ಹೋಗಿ, ಈ ರಜಾಯಿ ಹೊದಿಕೆ ಯಾರಿಗೆ ಎಂದು ಕೇಳಿದ್ದಕ್ಕೆ ತಲೆ ಎತ್ತದೆ, "ಬೆಂಗಳೂರಾಗ ಥಂಡಿ ಭಾಳಂತ, ಖರೆ ಏನೋ?" ಎಂದ.