ಆಗಲಿ ಅನ್ನಿ, ಊಟ ಹಾಕಿ

ಸೆಪ್ಟೆಂಬರ್ 3, ಮಂಗಳವಾರ

ಬೆಳಗಿನ ಪೂಜೆಗೆ ಅದೇ ಮುದುಕಿಯರು, ಅದೇ ಕೆಮ್ಮು. ಮಂಡಿ ಇವತ್ತು ಸ್ವಲ್ಪ ಮಾತು ಕೇಳಿತು. ಅಡುಗೆಯಮ್ಮ ಕಾಫಿಗೆ ಸಕ್ಕರೆ ಹಾಕಿಲ್ಲ. ಹಾಕಿದ್ದೇನೆ ಎಂದು ಆಣೆ ಮಾಡುತ್ತಾಳೆ — ಅದೂ ಚರ್ಚಿನ ಕಾಂಪೌಂಡಿನಲ್ಲಿ ನಿಂತು.

ತಿಂಡಿಯಾದ ಮೇಲೆ ಬಿಷಪ್ ಆಫೀಸಿನಿಂದ ಫೋನ್. ತಿಂಗಳ ಕೊನೆಗೆ ನನಗೆ ರಿಟೈರ್‌ಮೆಂಟ್. ಮೂವತ್ತಕ್ಕೆ ವ್ಯಾನ್ ಕಳಿಸುತ್ತಾರಂತೆ. ಹೋಗುವುದು ವಯಸ್ಸಾದ ಪಾದ್ರಿಗಳ ಮನೆಗೆ. ತಂಗಿಯ ಮನೆಯಿಂದ ಕೂಗಳತೆ ದೂರ. ಬೇಸರ ಆಗಬೇಕಿತ್ತು. ಆಗಲಿಲ್ಲ. ಮುದಿ ಹೃದಯ ಕುಣಿಯಿತು — ಮಾತ್ರೆ ನುಂಗಿ ಕೂರಿಸಬೇಕಾಯಿತು.

ತಂಗಿಗೆ ಹೇಳಿದೆ. "ಅಣ್ಣಾ, ಕಿಟಕಿ ಪಕ್ಕ ನಿಂಗೊಂದು ಕುರ್ಚಿ ಹಾಕಿಡ್ತೀನಿ. ದಿನಾ ಸಂಜೆ ಬಂದು ಕೂತು ನನ್ನ ಬೈಬೇಕು, ಸರೀನಾ?" ಅಂದಳು. ಇಲ್ಲಿ ಹಸುಗೂಸಿನಿಂದ ಹಣ್ಣು ಮುದುಕರವರೆಗೆ ಎಲ್ಲರಿಗೂ ನಾನು ಫಾದರ್. ಅಣ್ಣಾ ಎನ್ನುವ ಬಾಯಿ ಭೂಮಿಯ ಮೇಲೆ ಒಂದೇ ಉಳಿದಿದೆ. ಆ ಕುರ್ಚಿಯಲ್ಲಿ ಕೂತು ಸಾಯಬೇಕು. ಇಷ್ಟೇ ಆಸೆ.

ಸೆಪ್ಟೆಂಬರ್ 8, ಭಾನುವಾರ

ಪೂಜೆಯ ಕೊನೆಯಲ್ಲಿ ಹೇಳಿಬಿಟ್ಟೆ. ನಾನು ಹೊರಟೆ. ನನ್ನ ಜಾಗಕ್ಕೆ ಬೇರೆ ಫಾದರ್ ಬರುವುದಿಲ್ಲ. ಈ ಚರ್ಚನ್ನು ಪಟ್ಟಣದ ಚರ್ಚಿಗೆ ಸೇರಿಸುತ್ತಾರೆ. ಶಾಲೆ, ಆಸ್ಪತ್ರೆಯ ವಿಷಯ 'ಮುಂದೆ ನೋಡೋಣ' ಎಂದಿದ್ದಾರೆ. ಮುಂದೆ ನೋಡೋಣ ಎಂದರೇನು ಎಂದು ಎಲ್ಲರಿಗೂ ಗೊತ್ತು.

ಜನ ಅಳುತ್ತಾರೆ ಎಂದುಕೊಂಡಿದ್ದೆ. ಕರ್ಚೀಫು ಎರಡು ಇಟ್ಟುಕೊಂಡಿದ್ದೆ. ಒಬ್ಬರೂ ಅಳಲಿಲ್ಲ! ಹಿಂದಿನ ಬೆಂಚಿನಿಂದ ಗಾರೆ ಮೇಸ್ತ್ರಿ ಎದ್ದು "ಆಗಲಿ ಫಾದರ್" ಅಂದ. ಆಮೇಲೆ ಇಡೀ ಚರ್ಚು — "ಆಗಲಿ ಫಾದರ್." ಆಮೆನ್ ಕೂಡ ಇವರು ಇಷ್ಟು ಒಟ್ಟಾಗಿ ಹೇಳಿದ್ದಿಲ್ಲ. ಸುಳ್ಳೇಕೆ, ಮನಸ್ಸಿಗೆ ಚುಚ್ಚಿತು.

ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಯಂತ್ರದ ಮುಂದೆ ಸುಮ್ಮನೆ ಕೂತೆ. ನಾನು ಬಂದಾಗ ಇಲ್ಲಿ ಇದ್ದದ್ದು ಒಂದು ತಗಡಿನ ಶೆಡ್ಡು. ಕಲ್ಲು ಹೊತ್ತು ಚರ್ಚು, ಶಾಲೆ, ಆಸ್ಪತ್ರೆ ಕಟ್ಟಿದೆವು. ಈ ಯಂತ್ರ ಕೊಟ್ಟ ಮರುವರ್ಷವೇ ಪಟ್ಟಣದ ದೊಡ್ಡಾಸ್ಪತ್ರೆಯವರು ವಾಪಸ್ ಒಯ್ಯಲು ಲಾರಿ ಕಳಿಸಿದರು. ಜನ ದೊಣ್ಣೆ ಹಿಡಿದು ನಿಂತರು. ನಾನೇ ಕೆಳಗಿಡಿಸಿದೆ. "ಬೇಡ ಅನ್ಬೇಡಿ. ಆಗಲಿ ಅನ್ನಿ. ಕೂರ್ಸಿ, ಊಟ ಹಾಕಿ. ಬೀಗದ ಕೈ ಹುಡುಕ್ತಾ ಇರಿ." ಒಮ್ಮೆ ಬೀಗದ ಕೈ ಸಿಗಲಿಲ್ಲ. ಇನ್ನೊಮ್ಮೆ ಲಾರಿಯ ಗಾಳಿ ಹೋಯಿತು. ಮತ್ತೊಮ್ಮೆ ಡ್ರೈವರ್ ಊಟ ಮಾಡಿ ಮಲಗಿದವನು ಸಂಜೆಗೆ ಎದ್ದ. ಆಮೇಲೆ ಅವರು ಬರುವುದನ್ನೇ ಬಿಟ್ಟರು. ಲಾರಿ ಮೊದಲ ಸಲ ಖಾಲಿ ಹೋದ ವಾರ, ಭಾನುವಾರದ ಪ್ರವಚನದಲ್ಲಿ ಅಬ್ಬರಿಸಿದ್ದೆ — "ಯಂತ್ರಾನೂ ಹೋಗಲ್ಲ, ನಾನೂ ಹೋಗಲ್ಲ. ನನ್ನ ಮೂಳೆ ಬೀಳೋದು ಇಲ್ಲೇ!" ಚರ್ಚಿನಲ್ಲಿ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ.

ಸೆಪ್ಟೆಂಬರ್ 11, ಬುಧವಾರ

ಗಂಟೆ ಹೊಡೆಯುವವನು ಬಂದಿದ್ದ. ಊರು ಇಟ್ಟ ಹೆಸರು ಢಣಢಣ; ಹೆಂಡತಿಯೂ ಹಾಗೇ ಕರೆಯುತ್ತಾಳೆ. ಸುಮ್ಮನೆ ಕೇಳಿದ ಹಾಗೆ ಕೇಳಿದ.

"ಗಂಡಸು ಹೋದ್ರೆ ದೊಡ್ಡ ಗಂಟೆ, ಹೆಂಗಸು ಹೋದ್ರೆ ಸಣ್ಣದು. ಪಾದ್ರಿ ಹೋದ್ರೆ ಹೇಗೆ ಫಾದರ್?"

ಪಾಠ ಹೇಳುವುದೆಂದರೆ ನನಗೆ ಎಲ್ಲಿಲ್ಲದ ಉತ್ಸಾಹ. ಎರಡೂ ಒಟ್ಟಿಗೆ, ನಿಧಾನ, ನಡುವೆ ಒಂದು ಪ್ರಾರ್ಥನೆಯಷ್ಟು ಬಿಡುವು ಎಂದೆ. ಈ ಚರ್ಚಿಗೆ ನಾನೇ ಮೊದಲ ಪಾದ್ರಿ, ಹಾಗಾಗಿ ಆ ಗಂಟೆ ಇಲ್ಲಿ ಯಾರೂ ಕೇಳಿಲ್ಲ ಎಂದೂ ಹೇಳಿದೆ. ಮೇಜಿನ ಮೇಲೆ ಎರಡು ಬೆರಳಲ್ಲಿ ಬಡಿದು ಅಭ್ಯಾಸ ಮಾಡಿಕೊಂಡ. ಶ್ರದ್ಧೆ ಮೆಚ್ಚಿ ಬೆನ್ನು ತಟ್ಟಿದೆ.

ಬಲಿಪೀಠದ ಎಡಕ್ಕೆ ಮೇಸ್ತ್ರಿ ನೆಲದ ಕಲ್ಲು ಎಬ್ಬಿಸುತ್ತಿದ್ದಾನೆ. ಏನೋ ಇದು ಅಂದರೆ "ಗೆದ್ದಲು ಫಾದರ್" ಅಂದ. ಕಲ್ಲಿಗೂ ಗೆದ್ದಲು ಹಿಡಿಯುವ ಕಾಲ ಬಂತೇ!

ಸೆಪ್ಟೆಂಬರ್ 14, ಶನಿವಾರ

ಟೈಲರ್ ಬಂದು ಅಳತೆ ತೆಗೆದುಕೊಂಡ. ಊರಿನ ಲೆಕ್ಕದಲ್ಲಿ ಹೊಸ ನಿಲುವಂಗಿಯಂತೆ. ಬೀಳ್ಕೊಡುಗೆಗೆ ಎಂದು ನಾನೇ ಅರ್ಥ ಮಾಡಿಕೊಂಡೆ. ಕಣ್ಣು ತುಂಬಿತು. ಸುಮ್ಮನೆ ಇವರನ್ನು ಕಲ್ಲೆದೆಯವರು ಎಂದುಕೊಂಡಿದ್ದೆ.

ಗೆದ್ದಲಿನ ಗುಂಡಿ ಉದ್ದಕ್ಕೆ ಬೆಳೆದಿದೆ. ಒಳಗೆ ನಾಲ್ಕೂ ಕಡೆ ಇಟ್ಟಿಗೆ ಕಟ್ಟುತ್ತಿದ್ದಾನೆ.

"ಗೆದ್ದಲಿಗೆ ಮನೆ ಕಟ್ಟಿಸ್ಕೊಡ್ತಾ ಇದೀಯೇನೋ?" ಅಂದೆ.

ಮೇಸ್ತ್ರಿ ನಗಲಿಲ್ಲ. ನಾನು ಎಷ್ಟು ಹಳಸಲು ಜೋಕು ಹೇಳಿದರೂ ನಗುತ್ತಿದ್ದವನು. ಕರಣೆ ಒರೆಸುತ್ತಾ, "ನಿಮ್ಮ ಎತ್ತರ ಎಷ್ಟು ಫಾದರ್?" ಅಂದ.

ಸೆಪ್ಟೆಂಬರ್ 17, ಮಂಗಳವಾರ

ಸೂಟ್‌ಕೇಸ್ ಕಾಣುತ್ತಿಲ್ಲ. "ಜಿಪ್ಪು ಕಿತ್ತೋಗಿತ್ತು ಫಾದರ್, ರಿಪೇರಿಗೆ ಕೊಟ್ಟಿದೀನಿ" ಅಂದಳು ಅಡುಗೆಯಮ್ಮ. ಶೂ? ಹೊಲಿಗೆ ಹಾಕಿಸಲು ಹೋಗಿದೆ. ಊರುಗೋಲು? ರಬ್ಬರ್ ಸವೆದಿತ್ತು, ಹೊಸದು ಹಾಕಿಸಲು. ಬೀರುವಿನ ಬೀಗದ ಕೈ? "ಹುಡುಕ್ತಾ ಇದೀನಿ."

ಹುಡುಕ್ತಾ ಇದೀನಿ! ಆ ಮಾತು ಕಿವಿಗೆ ಬಿದ್ದದ್ದೇ ಹೊಟ್ಟೆ ಹಿಡಿದು ನಕ್ಕೆ. ಗುರುವಿಗೇ ತಿರುಮಂತ್ರ! ಎಕ್ಸ್‌ರೇ ಯಂತ್ರದಂತೆ ನನ್ನನ್ನೂ ಉಳಿಸಿಕೊಳ್ಳಲು ಹೊರಟಿದ್ದಾರೆ. "ಅಮ್ಮಾ, ನಾನು ಯಂತ್ರ ಅಲ್ಲ. ನಂಗೆ ಕಾಲಿದೆ, ನಡೆದು ಹೋಗ್ತೀನಿ" ಅಂದೆ. ಅವಳು ಪ್ರೀತಿಯಿಂದ ನನ್ನ ಬರಿಗಾಲು ನೋಡಿದಳು. ತಟ್ಟೆಗೆ ಇನ್ನೊಂದಿಷ್ಟು ಬಡಿಸಿದಳು.

ಸೆಪ್ಟೆಂಬರ್ 19, ಗುರುವಾರ, ಮಧ್ಯಾಹ್ನ

ನಿಲುವಂಗಿ ಬಂತು. ಒಳ್ಳೆ ಬಿಳಿ ಬಟ್ಟೆ, ಕುಸುರಿ ಅಂಚು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಮುಂದೆ ಚೆಂದ. ಬೆನ್ನಿಗೆ ತಂಪು ಗಾಳಿ ತಗುಲಿತು.

ಹಿಂಭಾಗ ಕುತ್ತಿಗೆಯಿಂದ ಅಂಚಿನವರೆಗೆ ಸೀಳಿದೆ. ಗುಂಡಿ ಇಲ್ಲ, ದಾರ ಇಲ್ಲ. "ಸೆಖೆ ಅಲ್ವಾ ಫಾದರ್, ಗಾಳಿ ಆಡ್ಲಿ ಅಂತ" ಅಂದ ಟೈಲರ್. ಕಣ್ಣು ಕೊಟ್ಟು ಮಾತಾಡಲಿಲ್ಲ.

ಈ ಊರಿನ ಎಷ್ಟು ಹೆಣಗಳಿಗೆ ಬಟ್ಟೆ ತೊಡಿಸಿಲ್ಲ ನಾನು? ಸೆಟೆದ ತೋಳು ಮಡಚುವುದಿಲ್ಲ. ಅದಕ್ಕೇ ಹಿಂದೆ ಸೀಳಿ, ಮುಂದಿನಿಂದ ತೂರಿಸಿ, ಬೆನ್ನಡಿ ಸಿಕ್ಕಿಸುತ್ತೇವೆ. ಈ ಟೈಲರನ ಅಪ್ಪನಿಗೆ ಹಾಗೆ ತೊಡಿಸಿದವನೂ ನಾನೇ. ಅವನು ಆಗ ಪಕ್ಕದಲ್ಲಿ ನಿಂತು ನೋಡಿದ್ದ.

ಅತಿ ಸ್ನೇಹ ಗತಿ ಕೇಡು. ನಗು ಬರುತ್ತಿಲ್ಲ. ಭಯವಾಗುತ್ತಿದೆ.

ಸೆಪ್ಟೆಂಬರ್ 21, ಶನಿವಾರ

ಪಾಪನಿವೇದನೆಯ ದಿನ. ಸಾಮಾನ್ಯವಾಗಿ ಅದೇ ಮುದುಕಿಯರು, ಅದೇ ಸೊಸೆಯಂದಿರ ದೂರು. ಇವತ್ತು ಸಾಲು ಚರ್ಚಿನ ಬಾಗಿಲು ದಾಟಿ ಬೀದಿಗೆ ಹೋಗಿತ್ತು. ಪರದೆಯ ಹಿಂದೆ ಕೂತ ನನ್ನ ಕಿವಿಗೆ ಪಾಪ ಹೇಳಿಕೊಳ್ಳಲು ವರ್ಷಗಳಿಂದ ಸುಳಿಯದವರೂ ಇದ್ದರು.

ಒಳಗೆ ಕೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಎಲ್ಲೂ ಹೇಳುವಂತಿಲ್ಲ. ಕುತ್ತಿಗೆಯ ಮೇಲೆ ಕತ್ತಿ ಇಟ್ಟರೂ ಇಲ್ಲ. ಅದನ್ನು ಬಳಸಿ ನನ್ನ ಜೀವ ಉಳಿಸಿಕೊಳ್ಳುವಂತೆಯೂ ಇಲ್ಲ. ಇದನ್ನೂ ಇವರಿಗೆ ಕಲಿಸಿದವನು ನಾನೇ. ಚೆನ್ನಾಗಿ ಕಲಿತಿದ್ದಾರೆ.

ಪುಸ್ತಕದ ಪ್ರಶ್ನೆ ಒಂದು, ಬರೀ ಪುಸ್ತಕದ್ದು: ಇನ್ನೂ ಮಾಡದ ಪಾಪಕ್ಕೆ ಮುಂಗಡ ಕ್ಷಮೆ ಉಂಟೇ? ಸೆಮಿನರಿಯಲ್ಲಿ ಇಂಥದ್ದು ಯಾರೂ ಕೇಳಿರಲಿಲ್ಲ. ಇಲ್ಲ ಎಂದೇ ನನ್ನ ಉತ್ತರ.

ಸಂಜೆ ತಂಗಿಯ ಫೋನ್. "ಯಾಕಣ್ಣಾ, ದನಿ ಹೀಗಿದೆ?" ನಾಲಿಗೆಯ ತುದಿಗೆ ಬಂತು. ನುಂಗಿದೆ.

"ಮಂಡಿ ನೋವು. ನೋಡು, ಮೂವತ್ತಕ್ಕೆ ವ್ಯಾನಲ್ಲಿ ನೀನೂ ಬಾ."

"ನಾನ್ಯಾಕಣ್ಣಾ? ಅಷ್ಟು ದೂರ..."

"ಬಾ ಅಂದ್ರೆ ಬಾ."

ಇಷ್ಟು ಹೇಳಿದ್ದೂ ತಪ್ಪೋ ಏನೋ. ನಿಲುವಂಗಿ ನೋಡಿ ಹೇಳಿದೆ, ಪರದೆಯ ಹಿಂದೆ ಕೇಳಿ ಅಲ್ಲ — ಎಂದು ದೇವರಿಗೆ ಸಮಜಾಯಿಷಿ ಕೊಟ್ಟಿದ್ದೇನೆ. ತಿರುಗಿ ನೋಡಿದರೆ ಅಡುಗೆಯಮ್ಮ ಬಾಗಿಲಲ್ಲಿ ನಿಂತಿದ್ದಳು, ಹಾಲಿನ ಲೋಟ ಹಿಡಿದು.

ಸೆಪ್ಟೆಂಬರ್ 26, ಗುರುವಾರ

ಗುರುವಾರವಂತೆ. ಭಾನುವಾರ ಎಲ್ಲಿ ಹೋಯಿತು? ಪೂಜೆ?

"ಮಲಗಿದ್ರಿ ಫಾದರ್. ಎಷ್ಟು ಚೆನ್ನಾಗಿ ಮಲಗಿದ್ರಿ!" ಅಡುಗೆಯಮ್ಮ. ಮಗುವಿಗೆ ಹೇಳಿದ ಹಾಗೆ.

ಫೋನು ಬಕೆಟ್ಟಿಗೆ ಬಿತ್ತಂತೆ. ನನ್ನ ಮಹಡಿ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ — "ಮೆಟ್ಲಲ್ಲಿ ಬಿದ್ಬಿಟ್ರೆ ಅಂತ." ಕಿಟಕಿಯಿಂದ ಶಾಲೆಯ ವರಾಂಡ ಕಾಣುತ್ತದೆ. ಬಹುಮಾನದ ಕಪ್ಪುಗಳನ್ನು ಇಡುತ್ತಿದ್ದ ಗಾಜಿನ ಬೀರುವಿನಲ್ಲಿ ಈಗ ನನ್ನ ಶೂ. ಪಾಲಿಶ್ ಮಾಡಿದ್ದಾರೆ. ಪಕ್ಕದಲ್ಲಿ ಊರುಗೋಲು. ಮಕ್ಕಳು ಸಾಲಾಗಿ ಬಂದು ಕೈಮುಗಿದು ಹೋಗುತ್ತಿದ್ದಾರೆ.

ಕೂಗಬಹುದು. ಕೇಳಿಸಿಕೊಳ್ಳುವವರೆಲ್ಲ ಇವರೇ.

ಮಾತ್ರೆಗಳನ್ನು ಈಗ ನಮ್ಮ ಆಸ್ಪತ್ರೆಯ ನರ್ಸಮ್ಮ ತಾನೇ ತಂದು ಬಾಯಿಗೆ ಹಾಕುತ್ತಾಳೆ. ನಾನೇ ಜ್ಞಾನಸ್ನಾನ ಕೊಟ್ಟ ಮಗು, ನಾನೇ ಓದಿಸಿದ ಹುಡುಗಿ. ನನ್ನ ಮಾತ್ರೆ ಬಿಳಿ. ಇವತ್ತಿನದು ಹಳದಿ. ಹಳದಿ ಎಂಬುದನ್ನು ನನ್ನ ಕಣ್ಣೇ ಕಂಡಿತು, ಪರದೆಯ ಆಚೆಯಿಂದ ಯಾರೂ ನಿವೇದಿಸಿದ್ದಲ್ಲ. ಆದ್ದರಿಂದ ಉಗುಳಬಹುದು. ಉಗುಳಿದೆ.

ಸೆಪ್ಟೆಂಬರ್ 28, ಶನಿವಾರ

ಮೇಸ್ತ್ರಿ ಬಂದು ಕಾಲ ಬಳಿ ಕೂತ. ಕೈಯಲ್ಲಿ ಸುಣ್ಣದ ವಾಸನೆ. ಕೇಳಿಯೇಬಿಟ್ಟೆ — "ನಾನು ನಿಮಗೇನು ಕೇಡು ಮಾಡಿದೆ?"

ಅತ್ತುಬಿಟ್ಟ. ನಿಜವಾದ ಅಳು. "ಏನ್ ಮಾತು ಫಾದರ್! ನೀವು ನಮ್ಮ ದೇವ್ರು. ನೀವು ಹೋದ್ರೆ ನೀವೊಬ್ರೇ ಹೋಗಲ್ಲ. ಆಸ್ಪತ್ರೆ ಹೋಗುತ್ತೆ, ಸ್ಕೂಲು ಹೋಗುತ್ತೆ. ನನ್ನ ಹೆಂಡ್ತಿ ಡಯಾಲಿಸಿಸ್‌ಗೆ ಎಲ್ಲಿಗೆ ಹೋಗ್ಲಿ? ನೀವು ಇಲ್ಲೇ ಇದ್ರೆ... ಮಣ್ಣಲ್ಲಿದ್ರೂ ಸೈ... ಕಟ್ಟಿದೋರ ಸಮಾಧಿ ಇರೋ ಚರ್ಚನ್ನ ಯಾರು ಮುಚ್ತಾರೆ? ಎಲ್ಲೆಲ್ಲಿಂದನೋ ಜನ ಬರ್ತಾರೆ."

"ನಂಗೆ ತಂಗಿ ಇದಾಳೆ ಕಣೋ."

"ಇಲ್ಲಿ ಒಂದೂರು ಮಕ್ಕಳಿದೀವಿ ಫಾದರ್." ಕಣ್ಣೊರೆಸಿಕೊಂಡ. "ನೀವೇ ಹೇಳಿದ್ರಲ್ಲ, ಮೂಳೆ ಬೀಳೋದು ಇಲ್ಲೇ ಅಂತ."

ಅವನ ಹೆಂಡತಿಗೆ ಆ ಡಯಾಲಿಸಿಸ್ ಯಂತ್ರ ತರಿಸಿದವನೂ ನಾನೇ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ನನಗೆ ಆ ಕುರ್ಚಿ ಬೇಕು. ಸ್ವಾರ್ಥಿ ಎಂದರೆ ಎನ್ನಲಿ. ಜೀವಮಾನದಲ್ಲಿ ಒಂದು ಕುರ್ಚಿ ಕೇಳಿದ್ದೇನೆ.

ಸೆಪ್ಟೆಂಬರ್ 30, ಸೋಮವಾರ, ಬೆಳಿಗ್ಗೆ

ನರ್ಸಮ್ಮ ಬೇಗ ಬಂದಳು. ಹಳದಿ ಮಾತ್ರೆ, ಒಂದಲ್ಲ, ಒಂದು ಹಿಡಿ. ಪುಡಿ ಮಾಡಿ ಹಾಲಿಗೆ ಹಾಕಿದ್ದರೆ ಗತಿ ಏನಿತ್ತೋ. ನಾಲಿಗೆಯಡಿ ಇಟ್ಟುಕೊಂಡೆ. ಅವಳು ಕಿಟಕಿಯ ಕಡೆ ತಿರುಗಿ ಜಪಮಾಲೆ ಹಿಡಿದಾಗ ದಿಂಬಿನ ಸಂದಿಗೆ ಉಗುಳಿದೆ. ಅರ್ಧ ಕರಗಿಹೋಗಿತ್ತು. ತಲೆ ಭಾರ.

ಅಲುಗಾಡದೆ ಮಲಗಿದೆ. ತುಂಬ ಹೊತ್ತಾದ ಮೇಲೆ ಬಂದು ಮುಖ ನೋಡಿದಳು. ನಾಡಿ ಹಿಡಿಯಲಿಲ್ಲ. ಹಿಡಿಯುವ ಧೈರ್ಯ ಇರಲಿಲ್ಲವೋ ಏನೋ. ಪಾದಕ್ಕೆ ಹಣೆ ಹಚ್ಚಿ "ಕ್ಷಮಿಸಿ ಫಾದರ್" ಅಂತ ಬಿಕ್ಕಿದಳು. ನನ್ನ ಬಲಗೈ ತಾನಾಗಿ ಆಶೀರ್ವಾದಕ್ಕೆ ಏಳುವುದರಲ್ಲಿತ್ತು. ಹಿಡಿದಿಟ್ಟೆ.

ಕೆಳಗೆ ಇಳಿದು ಹೋದಳು. ಚಿಲಕ ಬಿತ್ತು.

ಅದೇ ದಿನ, ಹನ್ನೊಂದು

ವ್ಯಾನ್ ಬಂದಿದೆ! ಬಾಗಿಲು ತೆರೆದ ಸದ್ದು. ತಂಗಿಯ ದನಿ.

"ಅಣ್ಣ ಎಲ್ಲಿ?"

"ಬನ್ನಿ ಅಮ್ಮ, ದೂರದಿಂದ ಬಂದಿದೀರ. ಕೂತ್ಕೊಳ್ಳಿ." ಅಡುಗೆಯಮ್ಮ. ಕುರ್ಚಿ ಎಳೆದ ಸದ್ದು. ತಟ್ಟೆಗಳ ಸದ್ದು. "ಡ್ರೈವರ್‌ಗೂ ಹಾಕಿ."

ಕೂಗಿದೆ. ಗಂಟಲಿಂದ ಗಾಳಿ ಮಾತ್ರ. ಕಾಲು ನೆಲಕ್ಕೆ ಇಳಿಸಿದರೆ ಬಟ್ಟೆಯ ಗಂಟಿನ ಹಾಗೆ ಮಡಚುತ್ತದೆ. ಪೆನ್ನು ಮಾತ್ರ ಹಿಡಿಯಲು ಬರುತ್ತಿದೆ. ಊರುಗೋಲು ಇದ್ದಿದ್ದರೆ ನೆಲ ಕುಟ್ಟುತ್ತಿದ್ದೆ. ಅದು ಗಾಜಿನೊಳಗಿದೆ.

ಗಂಟೆ.

ಎರಡೂ. ಒಟ್ಟಿಗೆ. ನಿಧಾನ. ನಡುವೆ ಒಂದು ಪ್ರಾರ್ಥನೆಯಷ್ಟು ಬಿಡುವು. ಢಣಢಣ ಒಂದಿಷ್ಟೂ ತಪ್ಪಿಲ್ಲ.

ಕೆಳಗೆ ತಂಗಿ ಕಿರುಚಿದಳು. "ಅಳ್ಬೇಡಿ ಅಮ್ಮ, ಮೊದ್ಲು ಊಟ ಮಾಡಿ. ಸ್ನಾನ ಮಾಡ್ಸಿ ಬಟ್ಟೆ ತೊಡ್ಸಿದ್ಮೇಲೆ ನೋಡುವಿರಂತೆ." ಅವಳ ಅಳು ನಿಲ್ಲುತ್ತಿಲ್ಲ. ಲೋಟ ಬಿತ್ತು. ಯಾರೋ ಓಡಿದರು.

ಮೆಟ್ಟಿಲ ಮೇಲೆ ಹೆಜ್ಜೆ. ಒಬ್ಬರಲ್ಲ. ಯಾರು ಮುಂದಿದ್ದಾರೋ ತಿಳಿಯುತ್ತಿಲ್ಲ. ಗಂಟೆಯ ಸದ್ದಿನಲ್ಲಿ ದನಿಗಳೆಲ್ಲ ಒಂದಾಗುತ್ತಿವೆ.

ಚಿಲಕಕ್ಕೆ ಕೈ ಬಿತ್ತು. ಬಾಗಿಲು ತೆರೆದವರು ಅಣ್ಣಾ ಅಂದರೆ ಬದುಕಿದೆ. ಫಾದರ್ ಅಂದರೆ