ಮೊದಲ ಲೋಟದ ಪಾಯಸ

ಶಿವನಿ,
೧೨–೨–೨೦೨೬

ಪ್ರೀತಿಯ ಅಲ್ಮಾಸ್ ಬೇಟಿಗೆ ನಿನ್ನ ಅತ್ತೆಯ ಸಲಾಂ, ದುವಾ.

ಹೇಗಿದ್ದೀಯಮ್ಮ? ಕೆಮ್ಮು ಕಮ್ಮಿಯಾಯಿತೆ? ತರೀಕೆರೆಯಲ್ಲಿ ನಿಮ್ಮ ಅಮ್ಮಿ, ಅಬ್ಬಾ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಮಂಡಿನೋವು ಬಿಟ್ಟರೆ ನನಗೆ ಬೇರೆ ಕಾಯಿಲೆ ಇಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ ಎಂದು ಕೇಳಿಕೊಂಡು ಫೋನ್ ಇಟ್ಟುಬಿಡುತ್ತೇವೆ. ನಮ್ಮ ಮನೆಮಾತು ಬರೆಯಲು ನನಗೆ ಬಾರದು. ಶಾಲೆಯಲ್ಲಿ ಕಲಿತದ್ದು ಕನ್ನಡ, ದಿನಾ ನಾಲ್ಕು ಸಾಲು ಬರೆದುಕೊಳ್ಳುವುದೂ ಅದರಲ್ಲೇ. ಹಾಗಾಗಿ ಇದೂ ಕನ್ನಡದಲ್ಲೇ ಬಂತು.

ಇಲ್ಲಿ ಬೆಳಗ್ಗೆ ಇನ್ನೂ ಮಂಜು ಬೀಳುತ್ತಿದೆ. ರೈಲು ಕಾಣುವುದಿಲ್ಲ, ಸದ್ದೊಂದು ಬಂದು ನಿಂತು ಮತ್ತೆ ಹೊರಟುಹೋಗುತ್ತದೆ. ಸಂಜೆ, ಶಾಕಿರ್ ಅಜ್ಜಂಪುರದ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಮುಚ್ಚಿ ಬರುತ್ತಿದ್ದ ಹೊತ್ತಿಗೆ, ಈಗಲೂ ನನ್ನ ಕಿವಿ ಬಾಗಿಲ ಕಡೆಗೇ ಇರುತ್ತದೆ. ಮಗ ಹೋದಮೇಲೆ ಇದು ಎರಡನೇ ಚಳಿಗಾಲ. ಅವನ ಅಂಗಿಯಲ್ಲಿದ್ದ, ತಂತಿಗೆ ಬಳಿಯುವ ವಾರ್ನಿಷ್ ವಾಸನೆಯೂ ಹೋಯಿತು.

ಮಳೆಗಾಲದಲ್ಲಿ ಒಂದು ದಿನ ಎದುರುಮನೆ ವಿಶಾಲಾಕ್ಷಮ್ಮನವರ ಜಗಲಿಯಲ್ಲಿ ಕೂತಿದ್ದೆ. ಅವರ ಮೊಮ್ಮಗಳು ಅನುಪಮಾ ಫೋನು ನೋಡುತ್ತಾ, "ಅಜ್ಜಿ, ಯಾರೋ ಹೆಸರು ಹಾಕ್ದೆ ತೀರಿಹೋದ ಗಂಡನ ಬಗ್ಗೆ ಬರೀತಾಳೆ, ಕೇಳು. ನಿನ್ನಂಥಾ ಇನ್ನೊಂದು ಅಜ್ಜಿ ಇದ್ದಾಳೆ ಕಣೇ" ಎಂದು ಓದಿದಳು. ಪುಟದ ಹೆಸರು ‘ನೀಲಿ ಕಿಟಕಿ’. ಅವಳು ಓದಿದ್ದು ಇಷ್ಟು: ಹಬ್ಬದ ಬೆಳಗ್ಗೆ ಅವನು ಹಸಿ ಶಾವಿಗೆ, ಹಾಲು, ಸಕ್ಕರೆ ಹಿಡಿದು ಎದುರುಮನೆಗೆ ಹೋಗುತ್ತಿದ್ದ. ಆ ಅಜ್ಜಿ ಬೇರೆ ಮನೆಯಲ್ಲಿ ಬೇಯಿಸಿದ್ದು ತಿನ್ನುವುದಿಲ್ಲ. ತನ್ನ ಒಲೆಯ ಮೇಲೇ ಪಾಯಸ ಮಾಡಿ ಮೊದಲ ಲೋಟ ಅವನಿಗೇ ಕೊಡುತ್ತಿದ್ದಳು. ನಮ್ಮ ಹಬ್ಬ ಶುರುವಾಗುತ್ತಿದ್ದದ್ದು ಅವಳ ಅಡುಗೆಮನೆಯಲ್ಲಿ, ಏಲಕ್ಕಿ ಮಾತ್ರ ಯಾವಾಗಲೂ ಜಾಸ್ತಿ ಎಂದು ಬರೆದಿತ್ತು.

"ಇನ್ನೊಬ್ಳು ಎಲ್ಲಿಂದ ಬತ್ತಾಳೆ ಕಣೇ, ಅದು ನಾನೇ! ಏಲಕ್ಕಿ ಜಾಸ್ತಿಯಂತೆ, ಹುಡುಗಿ ನಾಲಿಗೆ ನೋಡು" ಎಂದು ನಕ್ಕ ವಿಶಾಲಾಕ್ಷಮ್ಮನವರು ನನ್ನ ಮುಖ ನೋಡಿ ಸೆರಗು ಕಣ್ಣಿಗೊತ್ತಿಕೊಂಡರು. ಯಾರಿಗೂ ಹೇಳಬೇಡವೆಂದು ಅನುಪಮಾಳಿಂದ ಮಾತು ತೆಗೆದುಕೊಂಡೆವು.

ಅವಳೇ ನನ್ನ ಫೋನಿಗೂ ಅದನ್ನು ಹಾಕಿಕೊಟ್ಟಳು. ನನ್ನ ಹೆಸರು ಹಾಕಲಿಲ್ಲ, ಚೆಂಡು ಹೂವಿನ ಚಿತ್ರ ಮಾತ್ರ. ನೀನು ಬರೆದದ್ದಕ್ಕೆಲ್ಲ ಮೊದಲು ಮೆಚ್ಚುಗೆ ಒತ್ತುತ್ತಿದ್ದ ಆ ಚೆಂಡು ಹೂವು ನಾನೇ ಬೇಟಿ. ನೀನು ಹೆಸರು ಮುಚ್ಚಿಟ್ಟೆ, ಊರು ಮುಚ್ಚಿಟ್ಟೆ. ಅವನನ್ನು ಹೇಗೆ ಮುಚ್ಚಿಡುತ್ತೀಯ? ಮೋಟಾರಿನ ತಾಮ್ರದ ತಂತಿ ಸುತ್ತಿ ನಿನಗೆ ಉಂಗುರ ಮಾಡಿಕೊಟ್ಟದ್ದು, ಮದುವೆಯಾದ ಮೇಲೂ ಹಲ್ಲಿ ಕಂಡು ಹೆದರಿ ಮಂಚದ ಮೇಲೆ ಹತ್ತಿ ನಿಂತದ್ದು. ತಾಯಿಗೆ ಮಗ ಗೊತ್ತಿರುವುದು ಒಂದು ವಯಸ್ಸಿನವರೆಗೆ. ಮಿಕ್ಕ ಶಾಕಿರ್ ನನಗೆ ಸಿಕ್ಕಿದ್ದು ನಿನ್ನ ನೀಲಿ ಕಿಟಕಿಯಲ್ಲಿ. ಓದುವಾಗ ಅವನು ಬಂದು ಕಾಲ ಬಳಿ ಕೂತ ಹಾಗೆ ಆಗುತ್ತಿತ್ತು. ಓದಿ ಮುಗಿಸಿದರೆ ಎದ್ದುಹೋಗುತ್ತಾನೇನೋ ಎಂದು ಒಂದೊಂದೇ ಸಾಲು ಓದುತ್ತಿದ್ದೆ.

ಒಂದು ಮಾತು. ಮೊನ್ನೆ ನಿಮ್ಮ ಕಿಟಕಿಯ ಫೋಟೋ ಹಾಕಿದ್ದೀಯಲ್ಲ, ಅದರಲ್ಲಿ ಎದುರಿನ ಅಂಗಡಿಯ ಬೋರ್ಡು ಓದಲು ಬರುತ್ತದೆ. ನಾನು ಪಾಯಸದಿಂದ ನಿನ್ನನ್ನು ಗುರುತಿಸಿದೆ. ಎಂಥೆಂಥವರೋ ಬೋರ್ಡಿನಿಂದ ಮನೆ ಹುಡುಕಿಯಾರು. ಅದನ್ನು ತೆಗೆದುಬಿಡು.

ಹೋದ ಶುಕ್ರವಾರ ನೀನು ಕೇಳಿದ್ದನ್ನೂ ಓದಿದೆ. ಒಬ್ಬರು ಮದುವೆಗೆ ಕೇಳಿದ್ದಾರೆ, ಅವರ ಮಾತಿಗೆ ನಕ್ಕಾಗ ಏನೋ ಕದ್ದ ಹಾಗಾಯಿತು, ಅವನ ತಾಯಿಯನ್ನು ಕೇಳಲು ಧೈರ್ಯವಿಲ್ಲ, ನನ್ನನ್ನು ಅರಿಯದ ನೀವೇ ಹೇಳಿ, ಎಂದು. ಯಾರ‍್ಯಾರೋ ಬೈದರು, ಯಾರ‍್ಯಾರೋ ಹರಸಿದರು. ನಾನೂ ಬರೆದೆ, ಅಳಿಸಿದೆ. ಚೆಂಡು ಹೂವು ಹೇಳಿದರೆ ಅದು ಅತ್ತೆಯ ಮಾತಾಗುತ್ತದೆಯೇ? ಜೊತೆಗೆ ಹೆದರಿಕೆ. ನೀನು ಹೂಂ ಎಂದರೆ ಆ ಕಿಟಕಿ ಮುಚ್ಚುತ್ತದೆ, ಅವನು ಆಮೇಲೆ ಬರುವುದಿಲ್ಲ.

ಮುಂದಕ್ಕೆ ಕೈ ಓಡುತ್ತಿಲ್ಲ. ಬಿಸಿಲು ಬಂತು, ಅಂಚೆ ಕಟ್ಟುವ ಹೊತ್ತಾಯಿತು. ಎಲ್ಲರಿಗೂ ಸಲಾಂ ಹೇಳು. ಅಲ್ಲಾಹ್ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಖುರ್ಷಿದ್ ಬೇಗಂ

ತಾ.ಕ.: ಲಕೋಟೆ ಅಂಟಿಸುವ ಮೊದಲು ವಿಶಾಲಾಕ್ಷಮ್ಮನವರಿಗೆ ಓದಿ ಹೇಳಿದೆ. "ಅಲ್ಲ ಕಣೇ ಖುರ್ಷಿದಾ, ಮಂಜು, ರೈಲು ಅಂತ ಇಷ್ಟುದ್ದ ಬರೆದಿದ್ದೀಯ, ಮಗು ಕೇಳಿದ್ದಕ್ಕೆ ಉತ್ತರಾನೇ ಇಲ್ವಲ್ಲೇ" ಎಂದು ಬೈದರು. ಹೂಂ ಅನ್ನು ಬೇಟಿ. ನೀನು ಯಾರದ್ದೂ ಕದ್ದಿಲ್ಲ. ನಿಕಾಹ್ ಆದಮೇಲೆ ಬರುವ ಮೊದಲ ಹಬ್ಬಕ್ಕೆ ಇಬ್ಬರೂ ಇಲ್ಲಿಗೆ ಬನ್ನಿ. ಹೋದ ವರ್ಷ ಹಸಿ ಶಾವಿಗೆ ಒಯ್ಯುವವರಿಲ್ಲದೆ ಎದುರುಮನೆಯಲ್ಲಿ ಪಾಯಸವೇ ಆಗಲಿಲ್ಲ. ಆ ಹುಡುಗನ ಕೈಯಲ್ಲಿ ಶಾವಿಗೆ ಕೊಟ್ಟು ಕಳಿಸೋಣ. ಏಲಕ್ಕಿ ಜಾಸ್ತಿಯಾಗಿದ್ದರೂ ಸುಮ್ಮನೆ ಕುಡಿಯಬೇಕು ಅಂತ ಈಗಲೇ ಹೇಳಿಡು.