ನಾರ್ಸಿಸಾಳ ಪೆಟ್ಟಿಗೆ

ಸೆಪ್ಟೆಂಬರ್ ೧೯, ೧೯೯೪. ಸೋಮವಾರ. ಲಾಸ್ ಏಂಜಲೀಸ್

ಮತ್ತೆ ರೋಲರ್ ತೊಳೆದೆ. ಉಗುರಿನ ಸಂದಿಯ ನೀಲಿ ಯಾವ ಸೋಪಿಗೂ ಹೋಗುತ್ತಿಲ್ಲ. ಭುಜ ಸತ್ತಿದೆ.

ಲಿಗಾಯಾಗೆ ಈ ಪ್ರಿಂಟ್ ವರ್ಕ್‌ಶಾಪ್‌ನಲ್ಲಿ ಅಕ್ಟೋಬರ್ ಕೊನೆಯವರೆಗೆ ರೆಸಿಡೆನ್ಸಿ, ಕೊನೆಗೊಂದು ಶೋ. ಅವಳು ಚಿತ್ರದ ಹಲಗೆ ಕೊರೆಯುತ್ತಾಳೆ, ನಾನು ಇಂಕ್ ಹಚ್ಚಿ ಪ್ರೆಸ್ ತಿರುಗಿಸುತ್ತೇನೆ. ವಿಷಯ: ಫಿಲಿಪೀನ್ಸ್ ಬಿಟ್ಟು ಬಂದವರು. ಅವಳ ಅಪ್ಪ ಅಮೆರಿಕದ ನೇವಿಯಲ್ಲಿ ಆಫೀಸರುಗಳಿಗೆ ಊಟ ಬಡಿಸುತ್ತಲೇ ರಿಟೈರ್ ಆದವನು. ಮನೆ ಸ್ಯಾನ್ ಡಿಯಾಗೋ ಪಕ್ಕದ ನ್ಯಾಷನಲ್ ಸಿಟಿ.

‘ಇದು ಸಾಮ್ರಾಜ್ಯಶಾಹಿಯ ನೇರ ಫಲ’ ಅಂದೆ.

‘ಹೌದು ಸ್ವರ್ಣಾ. ಆ ಫಲಕ್ಕೆ ಈಗ ಮಂಡಿನೋವು. ಟಿವಿ ಮುಂದೆ ಕೂತಿದೆ.’

ಇವಳಿಗೆ ಎಲ್ಲವೂ ತಮಾಷೆ. ಇಂಥ ಕೈಗಳಿಗೆ ರಾಜಕೀಯ ಪ್ರಜ್ಞೆಯೂ ಇದ್ದಿದ್ದರೆ...

ಊರಿಗೆ ಸಾಮಾನು ಕಳಿಸುವ ಪೆಟ್ಟಿಗೆ ಹೊತ್ತು ಚಿತ್ರಕ್ಕೆ ನಿಲ್ಲಲು ಯಾರಾದರೂ ಬೇಕಂತೆ. ಶಾಮಲಾ ಆಂಟಿ ಮನೆಯ ನಾರ್ಸಿಸಾಳನ್ನು ಕರೆತರುತ್ತೇನೆ ಅಂದೆ.

ಸೆಪ್ಟೆಂಬರ್ ೨೫. ಭಾನುವಾರ

ಬೆಳಿಗ್ಗೆಯೇ ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಗೆ ಡ್ರೈವ್ ಮಾಡಿದೆ. ಆಂಟಿ ಮಂಗಳೂರಿನವರು, ಅಣ್ಣನಿಗೆ ಪರಿಚಯ. ಅವರ ಅತ್ತೆಗೆ ಲಕ್ವ. ನೋಡಿಕೊಳ್ಳುವವಳು ನಾರ್ಸಿಸಾ.

‘ಎಂತ ಮಾರಾಯ್ತಿ, ನಿನ್ನ ಕ್ರಾಂತಿಗೆ ನಮ್ಮನೆ ಆಯಾನೇ ಬೇಕಾ? ಏಳಕ್ಕೆ ವಾಪಸ್ ಬಿಡು. ಅತ್ತೆಯನ್ನು ಎತ್ತಿ ಮಲಗಿಸ್ಲಿಕ್ಕೆ ನನ್ನಿಂದ ಆಗುದಿಲ್ಲ.’

‘ಭಾನುವಾರ ಅವಳ ರಜೆ, ಆಂಟಿ.’

‘ರಜೆಯೇ. ಇಲ್ಲ ಹೇಳಿದ್ನಾ? ಏಳು ಗಂಟೆ ತನಕ ರಜೆ.’

ದಾರಿಯುದ್ದಕ್ಕೂ ನಾರ್ಸಿಸಾ ಮಾತು. ನನ್ನನ್ನು ‘ಇಂದಾಯ್’ ಅನ್ನುತ್ತಾಳೆ. ಫಿಲಿಪೀನ್ಸ್‌ನ ಅವಳ ಊರಲ್ಲಿ ಹುಡುಗಿಯರನ್ನು ಹಾಗೆ ಕರೆಯುವುದಂತೆ. ವೀಸಾ ಮುಗಿದು ವರ್ಷಗಳಾಗಿವೆ. ಹೋದರೆ ಮತ್ತೆ ಬರುವ ಹಾಗಿಲ್ಲ. ಮಗಳ ಮದುವೆ ಡಿಸೆಂಬರ್‌ನಲ್ಲಿ. ಮಗಳಿಗೆ ಬಿಳಿ ಶೂ, ಬೀಗರಿಗೆ ಕಾಫಿ ಬಾಟಲಿ, ಸೋಪು, ಟವೆಲ್ಲು... ವರ್ಷದಿಂದ ಕೂಡಿಡುತ್ತಿದ್ದಾಳೆ.

‘ನಾನು ಹೋಗಕ್ಕಾಗಲ್ಲ, ಇಂದಾಯ್. ನನ್ನ ಬದಲು ಪೆಟ್ಟಿಗೆ ಹೋಗುತ್ತೆ.’

ಸ್ಟುಡಿಯೋದಲ್ಲಿ, ಮುಖ ಬರೆಯುವುದು ಬೇಡವೇ ಬೇಡ ಅಂದಳು. ಲಿಗಾಯಾ ಬೆನ್ನನ್ನು ಬರೆದುಕೊಂಡಳು. ಸ್ಕೆಚ್ ನೋಡಿ ನಾರ್ಸಿಸಾ: ‘ನನ್ನ ಬೆನ್ನು ಇಷ್ಟು ಅಗಲವಾ? ಇದು ನಿಮ್ಮ ಆಂಟಿದು.’

ಅಕ್ಟೋಬರ್ ೫. ಬುಧವಾರ

ಕೊನೆಯ ಬಣ್ಣ ಬಿತ್ತು. ಇಪ್ಪತ್ತು ಪ್ರಿಂಟ್. ನೀಲಿ ಕಡಲು, ಕಂದು ಪೆಟ್ಟಿಗೆ, ಬಾಗಿದ ಬೆನ್ನು. ತೆಳು ಜಪಾನಿ ಕಾಗದ, ಬಟ್ಟೆಯ ಹಾಗೆ ಗಟ್ಟಿ.

ಒಂದೇ ಲಿನೋಲಿಯಂ ಹಲಗೆ. ಒಂದು ಬಣ್ಣ ಒತ್ತುವುದು, ಅಷ್ಟನ್ನು ಕೊರೆದು ತೆಗೆಯುವುದು, ಅದರ ಮೇಲೆ ಮುಂದಿನ ಬಣ್ಣ. ಮುಗಿಯುವ ಹೊತ್ತಿಗೆ ಹಲಗೆಯಲ್ಲಿ ಏನೂ ಉಳಿದಿರುವುದಿಲ್ಲ. ಇಪ್ಪತ್ತೊಂದನೆಯದು ಬೇಕೆಂದರೂ ಇಲ್ಲ.

ಈ ಲಿಗಾಯಾ ಇದುವರೆಗೆ ಯಾವ ವರ್ಕ್‌ಶಾಪ್‌ಗೆ ಅಪ್ಲೈ ಮಾಡಿದರೂ ಇಲ್ಲ ಅನ್ನಿಸಿಕೊಂಡವಳು. ಇದೇ ಮೊದಲನೆಯ ಶೋ. ನನ್ನ ಲೆಕ್ಕ ಬೇರೆ. ನವೆಂಬರ್ ಎಂಟಕ್ಕೆ ಈ ರಾಜ್ಯದಲ್ಲಿ ಮತದಾನ. ಕಾಗದಪತ್ರ ಇಲ್ಲದವರಿಗೆ ಶಾಲೆ ಬೇಡ, ಆಸ್ಪತ್ರೆ ಬೇಡ ಅನ್ನುವ ಕಾನೂನು ತರುತ್ತಾರಂತೆ. ಅದಕ್ಕೆ ಮೊದಲು ಈ ಬೆನ್ನನ್ನು ಜನ ನೋಡಬೇಕು.

ಅಕ್ಟೋಬರ್ ೯. ಭಾನುವಾರ

ನಾರ್ಸಿಸಾ ಪೆಟ್ಟಿಗೆ ಕಟ್ಟಲು ಸ್ಟುಡಿಯೋಗೇ ಬಂದಳು. ಆಂಟಿಯ ಗರಾಜಿನಲ್ಲಿ ಎರಡು ಕಾರಿಗೆ ಜಾಗವಿದೆ, ಒಂದು ಪೆಟ್ಟಿಗೆಗಿಲ್ಲ. ಲಿಗಾಯಾ ಅಪ್ಪನನ್ನು ನೋಡಲು ಹೋಗಿದ್ದಳು.

ಬಾಟಲಿ ಒಡೆಯದ ಹಾಗೆ ಸುತ್ತಲು ಪೇಪರ್ ಇದೆಯಾ ಅಂತ ಕೇಳಿದಳು. ಪ್ರತಿಯೊಂದಕ್ಕೂ ಕೇಳುವ ಆ ದನಿ! ರೇಗಿತು. ‘ಕೇಳಬೇಡ ನಾರ್ಸಿಸಾ. ಇಲ್ಲಿರುವುದೆಲ್ಲ ನಿನ್ನದೇ. ನಿನ್ನ ಬೆವರು. ತಗೋ’ ಅಂದೆ. ಅಂದು ಪ್ರೆಸ್ಸಿಗೆ ಎಣ್ಣೆ ಬಿಡಲು ಒಳಗೆ ಹೋದೆ. ಹೆಮ್ಮೆ ಅನ್ನಿಸಿತ್ತು.

ಪೆಟ್ಟಿಗೆಯನ್ನು ಇಬ್ಬರೂ ಹೊತ್ತು ಕಾರಿಗೆ ಹಾಕಿದೆವು. ನ್ಯಾಷನಲ್ ಸಿಟಿಯಲ್ಲಿ, ಹಡಗಿಗೆ ಪೆಟ್ಟಿಗೆ ಹಾಕುವವರ ಗೋಡೌನಿಗೆ ಇಳಿಸಿ, ಏಳಕ್ಕೆ ಸರಿಯಾಗಿ ಅವಳನ್ನು ಬಿಟ್ಟೆ. ಸೊಂಟ ಬಿದ್ದುಹೋಗಿದೆ.

ಅಕ್ಟೋಬರ್ ೧೦. ಸೋಮವಾರ

ಒಣಗಿಸುವ ರ‍್ಯಾಕ್ ಖಾಲಿ. ಗೋಡೆಗೆ ಪಿನ್ ಮಾಡಿದ್ದ ಒಂದು ಮಾತ್ರ ಉಳಿದಿದೆ.

ಲಿಗಾಯಾ ಕೇಳುವ ಮೊದಲೇ ಹೇಳಿಬಿಟ್ಟೆ. ತಗೋ ಅಂದವಳು ನಾನೇ. ಅವಳು ಬಯ್ಯಲಿಲ್ಲ. ಕೂತುಕೊಂಡಳು.

ನಾರ್ಸಿಸಾಗೆ ಫೋನ್. ‘ಬಾಟಲಿಗೆ ಸುತ್ತಿದೆ. ಒಂದೇ ಚಿತ್ರ ಅಷ್ಟೊಂದು ಇತ್ತಲ್ಲ, ಇಂದಾಯ್! ಒಂದು ಇದ್ದರೆ ಸಾಲದಾ? ಅದಕ್ಕೇ ಗೋಡೆ ಮೇಲಿಂದು ಬಿಟ್ಟೆ. ಯಾಕೆ? ಏನಾಯ್ತು?’

ಇಬ್ಬರೂ ನ್ಯಾಷನಲ್ ಸಿಟಿಗೆ ಓಡಿದೆವು. ಗೋಡೌನಿನ ಮುಂದೆ ಹಡಗಿಗೆ ಹೋಗುವ ಟ್ರಕ್ ತುಂಬುತ್ತಿದ್ದರು. ಅಲ್ಲಿಯವನು ನೇರವಾಗಿ ಹೇಳಿದ: ಪೆಟ್ಟಿಗೆ ತೆರೆದರೆ ಅದರ ಯಜಮಾನಿ ಬಂದು ಹೊಸದಾಗಿ ಸಹಿ ಹಾಕಬೇಕು, ಇವತ್ತಿನ ಟ್ರಕ್ ತಪ್ಪುತ್ತೆ, ಮುಂದಿನ ಹಡಗಿಗೆ ಹಾಕಿದರೆ ಊರು ಮುಟ್ಟುವುದು ಜನವರಿಗೆ.

ಅವನ ಫೋನಿಂದಲೇ ಮತ್ತೆ ನಾರ್ಸಿಸಾಗೆ. ಎಲ್ಲ ಹೇಳಿದೆ. ಹಿಂದೆ ಆಂಟಿಯ ಅತ್ತೆ ಕರೆಯುತ್ತಿದ್ದುದು ಕೇಳಿಸಿತು. ಆಮೇಲೆ: ‘ಶೂ ಪೆಟ್ಟಿಗೇಲಿದೆ. ಜನವರಿಗೆ ಯಾರು ಹಾಕ್ಕೋತಾರೆ? ...ನೀವು ಓದಿದವರು. ನಿಮಗೆ ಸರಿ ಅನ್ನಿಸಿದ್ದು ಮಾಡಿ.’ ಇಟ್ಟುಬಿಟ್ಟಳು.

ಲಿಗಾಯಾ ಅಂದಳು, ‘ಹೋಗಲಿ ಬಿಡು. ಮನೆಗೆ ಹೋಗೋಣ.’

‘ನಿನ್ನ ಶೋ?’

‘ಒಂದಿದೆಯಲ್ಲ. ಅದನ್ನೇ ಹಾಕೋಣ.’

‘ಒಂದನ್ನು ಯಾರು ನೋಡುತ್ತಾರೆ? ಇದು ನಿನ್ನದಲ್ಲ, ಅವಳದೂ ಅಲ್ಲ. ಅವಳಂಥ ಸಾವಿರಾರು ಜನರದು. ಒಂದು ಜೊತೆ ಶೂಗಾಗಿ—’

‘ಎಷ್ಟು ಚೆನ್ನಾಗಿ ಮಾತಾಡ್ತೀಯ’ ಅಂದಳು. ಜೇಬಿನಿಂದ ಕೊರೆಯುವ ಚಾಕು ತೆಗೆದು ನನ್ನ ಕೈಗಿಟ್ಟಳು. ‘ನಾನು ಮಾಡಲ್ಲ. ಬೇಕಾದರೆ ನೀನೇ ಮಾಡು.’

ಹೊರಗೆ ಹೋಗಿ ಟ್ರಕ್ ಪಕ್ಕ ನಿಂತಳು. ನನಗೆ ಬೆನ್ನು ಹಾಕಿ.

ಟೇಪ್ ಮೂರು ಪದರ ಇತ್ತು. ಕೊಯ್ದೆ.

ಅಕ್ಟೋಬರ್ ೧೬. ಭಾನುವಾರ

ನಾರ್ಸಿಸಾಳೂ ನಾನೂ ಪೆಟ್ಟಿಗೆ ಮತ್ತೆ ಕಟ್ಟಿದೆವು. ಸುತ್ತಲು ಹಳೆಯ ನ್ಯೂಸ್‌ಪೇಪರ್ ಕೊಟ್ಟೆ. ಶೂ ಒಳಗಿಡಲಿಲ್ಲ, ಅಂಗಡಿಗೆ ವಾಪಸ್ ಮಾಡುತ್ತಾಳಂತೆ. ಸಹಿ ಹಾಕಿದಳು. ದಾರಿಯಲ್ಲಿ ಒಮ್ಮೆಯೂ ಇಂದಾಯ್ ಅನ್ನಲಿಲ್ಲ.

ಆಂಟಿ ಬಾಗಿಲಲ್ಲೇ: ‘ಇವಳು ಒಂದು ವಾರದಿಂದ ಸರಿ ಊಟ ಮಾಡುದಿಲ್ಲ. ನೀನು ಎಂತ ತಲೆಗೆ ತುಂಬಿಸಿದ್ದು?’

ಕಾರು ತಿರುಗಿಸಿ ಹೊರಟೆ. 

ಅಕ್ಟೋಬರ್ ೨೭. ಗುರುವಾರ

ಹತ್ತೊಂಬತ್ತರಲ್ಲಿ ಹದಿನಾಲ್ಕು ಗೋಡೆಗೆ ಹಾಕುವಂತಿವೆ. ಒದ್ದೆ ಮಾಡಿ, ತೂಕ ಹೇರಿ ನೋಡಿದೆ. ಬಾಟಲಿಯ ದುಂಡು ಗುರುತು, ಮಡಿಕೆಗಳು, ಯಾವುದೂ ಹೋಗುವುದಿಲ್ಲ. ಲಿಗಾಯಾ ಬರುತ್ತಾಳೆ, ಕೆಲಸ ಮಾಡುತ್ತಾಳೆ, ಹೋಗುತ್ತಾಳೆ. ಯಾವ ಪ್ರಿಂಟಿಗೂ ಸಹಿ ಹಾಕಿಲ್ಲ.

ಅಕ್ಟೋಬರ್ ೨೯. ಶನಿವಾರ

ಶೋ ಓಪನ್ ಆಯಿತು. ತುಂಬ ಜನ. ವೈನ್. ಚೀಸ್. ನಾರ್ಸಿಸಾ ಬರಲಿಲ್ಲ. ಆಂಟಿ ಬಂದಿದ್ದರು, ‘ಬೆನ್ನು ಥೇಟ್ ನಮ್ಮ ನಾರ್ಸಿಸಾಂದೇ ಮಾರಾಯ್ತಿ’ ಅಂತ ಎಲ್ಲರಿಗೂ ತೋರಿಸಿದರು.

ವರ್ಕ್‌ಶಾಪ್ ಡೈರೆಕ್ಟರ್‌ಗೆ ಮಡಿಕೆಗಳು ಅಂದರೆ ಪ್ರಾಣ. ‘ಎಂಥ ಯೋಚನೆ! ವಲಸೆಯ ಗಾಯಗಳೇ ಕಾಗದದ ಮೇಲೆ!’ ಲಿಗಾಯಾಳನ್ನು ಮಾತಾಡಲು ಕರೆದ. ಅವಳು ಹೊರಗೆ ಸಿಗರೇಟ್ ಹಚ್ಚಿ ನಿಂತಿದ್ದಳು. ತಲೆ ಅಲ್ಲಾಡಿಸಿದಳು. ನನ್ನನ್ನು ಮುಂದೆ ತಳ್ಳಿದರು.

ಮಾತಾಡಿದೆ. ನನಗೆ ಮಾತಿಗೆ ಯಾವತ್ತೂ ಬರ ಇಲ್ಲ. ಒಬ್ಬ ತಾಯಿ ಇದ್ದಾಳೆ, ಹೆಸರು ಹೇಳುವಂತಿಲ್ಲ. ಮಗಳ ಮದುವೆಗೆ ಹೋಗಲಾರದೆ ಪೆಟ್ಟಿಗೆ ಕಳಿಸಿದಳು. ಈ ಹಾಳೆಗಳು ಆ ಪೆಟ್ಟಿಗೆಯೊಳಗೆ ಇದ್ದಂಥವು. ಎಂಟನೇ ತಾರೀಖು ಇವಳನ್ನು ನೆನಪಿಡಿ. ಇಷ್ಟೂ ನಿಜವೇ. ಚಪ್ಪಾಳೆ ಹೊಡೆದರು.

ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ, ಬಿಳಿಯಳು, ಬಟ್ಟೆ ಚೀಲ ಎದೆಗೊತ್ತಿಕೊಂಡು ನಿಂತಿದ್ದಳು. ಅವಳು ಕೇಳಿದಳು: ‘ಪೆಟ್ಟಿಗೆ ಮದುವೆಗೆ ಸರಿಯಾಗಿ ಮುಟ್ಟುತ್ತಲ್ಲವಾ?’

ಬಾಗಿಲಲ್ಲಿ ಲಿಗಾಯಾ ನಿಂತು ನನ್ನನ್ನೇ ನೋಡುತ್ತಿದ್ದಳು.

ಮುಟ್ಟುತ್ತೆ ಅಂದೆ.

ಮುದುಕಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಬಿಡಿಸಿಕೊಳ್ಳಬೇಕಿತ್ತು, ಆಗಲೇ ನಿಜ ಹೇಳಬೇಕಿತ್ತು, ಆದರೆ ನಾನು ಮತ್ತೊಮ್ಮೆ ಮುಟ್ಟುತ್ತೆ ಅಂದೆ.